ಮನೆಯಿಂದ ಕೆಲಸದ ತೆರಿಗೆ ವಿನಾಯಿತಿ: ಇಂಗ್ಲೆಂಡಿನಲ್ಲಿ ನನ್ನ ಅನುಭವ

ನಮ್ಮ ಕಂಪನಿ ಇಲ್ಲಿನ ಆಫೀಸನ್ನೇ ಮುಚ್ಚಿದ ಮೇಲೆ ನನಗೆ ಮನೆಯೇ ಆಫೀಸು. ಚಳಿಗಾಲದಲ್ಲಿ ಹೀಟಿಂಗ್ ಬಿಲ್ ಜಾಸ್ತಿ ಆಯ್ತು, ಕಂಪನಿಯಿಂದ ಬಿಡಿಗಾಸೂ ಇಲ್ಲ. ಇಂಥವರಿಗೆ 2026ರ ಏಪ್ರಿಲ್ 5ರವರೆಗೆ ವಾರಕ್ಕೆ 6 ಪೌಂಡ್ ಖರ್ಚಿನ ಮೇಲೆ ತೆರಿಗೆ ವಿನಾಯಿತಿ ಇತ್ತು, ಬಿಲ್ ತೋರಿಸಬೇಕಾಗಿಲ್ಲ. ಆದರೆ ಆ 6 ಪೌಂಡ್ ಪೂರ್ತಿ ಕೈಗೆ ಬರುವುದಿಲ್ಲ, ಅದರ ಮೇಲಿನ ತೆರಿಗೆ ಮಾತ್ರ. 20% ತೆರಿಗೆ ಕಟ್ಟುವವರಿಗೆ ವರ್ಷಕ್ಕೆ 62.40 ಪೌಂಡ್, 40% ಕಟ್ಟುವವರಿಗೆ 124.80.

ನನಗೆ ಅಡ್ಡಿಯಾಗಿದ್ದು ಕೆಲಸದ ಒಪ್ಪಂದ. ಕೋವಿಡ್ ಕಾಲದ ಎರಡು ತೆರಿಗೆ ವರ್ಷಗಳಲ್ಲಿ ನಿಯಮ ಸಡಿಲವಿತ್ತು. 2022ರ ಏಪ್ರಿಲ್ 6ರಿಂದ ಹಾಗಲ್ಲ. ನಾವೇ ಇಷ್ಟಪಟ್ಟು ಮನೆಯಲ್ಲಿ ಕೂತರೆ ಸಿಗಲ್ಲ, ಕೆಲಸವೇ ಹಾಗೆ ಕೇಳಬೇಕು. ಅದಕ್ಕೆ ಪುರಾವೆಯೂ ಬೇಕು, ನನ್ನ ಒಪ್ಪಂದದಲ್ಲೋ ಮುಚ್ಚಿದ ಆಫೀಸಿನ ವಿಳಾಸವೇ ಇತ್ತು!

ಎಚ್‌ಆರ್‌ಗೆ ಬರೆದು, ಆಫೀಸು ಮುಚ್ಚಿದ ದಿನದಿಂದ ಕೆಲಸದ ಸ್ಥಳ ಮನೆಯೇ ಎಂದು ಒಪ್ಪಂದಕ್ಕೆ ತಿದ್ದುಪಡಿ ಪತ್ರ ಕೇಳಿದೆ. ಸುಮ್ನೆ 'ಮನೆಯಿಂದ ಕೆಲಸ ಮಾಡಬಹುದು' ಅಂತ ಬರೆದುಕೊಟ್ಟರು. ಆ 'ಬಹುದು' ಇದ್ದರೆ ಕೆಲಸ ಕೆಡುತ್ತದೆ ಅಲ್ವಾ, ಪಟ್ಟು ಹಿಡಿದು 'ಮಾಡಲೇಬೇಕು' ಎಂದು ಬದಲಿಸಿಕೊಂಡೆ. ಆ ಪತ್ರದ ಜೊತೆ, ಕೆಲಸದ ಖರ್ಚಿನ ಮೇಲೆ ತೆರಿಗೆ ವಿನಾಯಿತಿ ಕೇಳುವ ಪಿ87 ಫಾರ್ಮನ್ನು ತೆರಿಗೆ ಇಲಾಖೆಗೆ ಕಳಿಸಿದೆ, ಹಳೆಯ ವರ್ಷಗಳ ದುಡ್ಡು ಬಂತು. ಕಮಿಷನ್ ಕೇಳುವ ಏಜೆಂಟರ ಹತ್ತಿರ ದಯವಿಟ್ಟು ಹೋಗಬೇಡಿ, ಫಾರ್ಮ್ ನಾವೇ ತುಂಬಬಹುದು.

2026ರ ಏಪ್ರಿಲ್ 6ರಿಂದ ಮುಂದಿನ ಖರ್ಚಿಗೆ ಈ ವಿನಾಯಿತಿ ಇಲ್ಲ. ಹಿಂದಿನ ನಾಲ್ಕು ವರ್ಷದ್ದು ಮಾತ್ರ ಕೇಳಬಹುದು. 2022-23ರದ್ದಕ್ಕೆ 2027ರ ಏಪ್ರಿಲ್ 5 ಕೊನೆಯ ದಿನ.