ಕಾದರೆ ನಿಲ್ಲುತ್ತಿದ್ದ ಲ್ಯಾಂಬ್ರೆಟ್ಟಾ: ನನ್ನ ಅನುಭವ

ಇಟಲಿಯ ಇನ್ನೊಚೆಂಟಿ ಕಂಪನಿಯ ವಿನ್ಯಾಸದ ಲ್ಯಾಂಬ್ರೆಟ್ಟಾ ಎಲ್‌ಐ 150 ಸ್ಕೂಟರ್, ನಮ್ಮ ತಾತನದು. ತಣ್ಣಗಿದ್ದಾಗ ಒಂದೇ ಕಿಕ್‌ಗೆ ಶುರು. ಚಾಮುಂಡಿ ಬೆಟ್ಟ ಹತ್ತುತ್ತಿದ್ದಂತೆ ಇಂಜಿನ್ ಕಾದು, ಮಿಸ್ ಹೊಡೆದು ನಿಂತೇಬಿಡುತ್ತಿತ್ತು. ತಣಿದ ಮೇಲೆ ಮತ್ತೆ ಸರಿ.

ಇಂಥದ್ದಕ್ಕೆ ಎಲ್ಲರೂ ಮೊದಲು ಪೆಟ್ರೋಲ್‌-ಗಾಳಿ ಬೆರೆಸುವ ಕಾರ್ಬ್ಯುರೇಟರ್‌ಗೆ ಕೈ ಹಾಕುತ್ತಾರೆ. ನಾನು ನಿಂತ ಜಾಗದಲ್ಲೇ ಪ್ಲಗ್ ಬಿಚ್ಚಿ, ಇಂಜಿನ್ ಲೋಹಕ್ಕೆ ತಾಗಿಸಿ ಕಿಕ್ ಹೊಡೆದೆ. ನೀಲಿ ಕಿಡಿ ಬರಬೇಕಾದಲ್ಲಿ ಬಡಕಲು ಹಳದಿ ಕಿಡಿ. ಅಂದರೆ ತೊಂದರೆ ಕಿಡಿ ಕೊಡುವ ಕರೆಂಟಿನ ಕಡೆ. ಮೈಸೂರಿನ ಯಾದವಗಿರಿಯ ಹಳೆಯ ಜಾವಾ ಬೈಕ್ ಕಾರ್ಖಾನೆಯಲ್ಲಿ ದುಡಿದಿದ್ದ ಹಿರಿಯರೊಬ್ಬರಿಗೆ ಹೇಳಿದೆ. "ಪಾಯಿಂಟ್ ನೋಡಪ್ಪ, ಕಂಡೆನ್ಸರ್ ಹೋಗಿರುತ್ತೆ" ಅಂದರು. ಪಾಯಿಂಟ್ ಅಂದರೆ ಕರೆಂಟನ್ನು ಸರಿಯಾದ ಕ್ಷಣಕ್ಕೆ ಕಡಿದು ಪ್ಲಗ್‌ನಲ್ಲಿ ಕಿಡಿ ಬರಿಸುವ ಪುಟ್ಟ ಸ್ವಿಚ್.

ಪುಲ್ಲರ್ (ಎಳೆದು ಬಿಚ್ಚುವ ಸಲಕರಣೆ) ಹಾಕಿ, ಇಂಜಿನ್ ಜೊತೆ ತಿರುಗುವ ಭಾರದ ಚಕ್ರವಾದ ಫ್ಲೈವೀಲ್ ತೆಗೆದರೆ ಪಾಯಿಂಟ್ ಕರಕಲಾಗಿತ್ತು. ಪಾಯಿಂಟ್ ತೆರೆದುಕೊಳ್ಳುವಾಗ ಅಲ್ಲೇ ಕಿಡಿ ಹಾರದಂತೆ ತಡೆಯುವುದು ಕಂಡೆನ್ಸರ್ ಕೆಲಸ. ಈ ಗಾಡಿಯಲ್ಲಿ ಅದು ಫ್ಲೈವೀಲ್ ಒಳಗೆ, ಇಂಜಿನ್ನಿನ ಕಾವಿನಲ್ಲೇ ಕೂತಿರುತ್ತದೆ. ಹಳತಾದದ್ದು ಕಾದಾಗ ಕೈಕೊಡುತ್ತದೆ, ತಣಿದಾಗ ಚೇತರಿಸಿಕೊಳ್ಳುತ್ತದೆ.

ಹೊಸದನ್ನೂ ಅದೇ ಕಾವಿನಲ್ಲಿ ಕೂರಿಸಲು ಮನಸ್ಸು ಬರಲಿಲ್ಲ. ಹಳೆಯದರ ವೈರ್ ಬಿಡಿಸಿ, ಸುಮಾರು 0.25 ಮೈಕ್ರೋಫ್ಯಾರಡ್‌ನ ಕಂಡೆನ್ಸರನ್ನು ಹೊರಗೆ, ಎಚ್‌ಟಿ ಕಾಯಿಲ್ (ಪ್ಲಗ್‌ಗೆ ಹೈ ವೋಲ್ಟೇಜ್ ಕೊಡುವ ಸುರುಳಿ) ಪಕ್ಕ ಬಿಗಿದೆ. ಅದರ ವೈರನ್ನು ಸ್ಟೇಟರಿನಿಂದ (ಫ್ಲೈವೀಲ್ ಒಳಗೆ ತಿರುಗದೆ ಕೂತು ಕರೆಂಟ್ ಹುಟ್ಟಿಸುವ ಭಾಗ) ಕಾಯಿಲ್‌ಗೆ ಬರುವ ವೈರಿಗೆ ಸೇರಿಸಿ, ಅದರ ಲೋಹದ ಮೈಯನ್ನು ಗಾಡಿಯ ಲೋಹಕ್ಕೆ ತಾಗಿಸಿ ಅರ್ತ್ ಮಾಡಿದೆ. ಅರ್ತ್ ಕೂರುವ ಕಡೆ ಬಣ್ಣ ಪೂರ್ತಿ ಕೆರೆಯಲೇಬೇಕು. ಹೊಸ ಪಾಯಿಂಟ್ ಹಾಕಿ, ಅದು ಪೂರ್ತಿ ತೆರೆದಾಗಿನ ಗ್ಯಾಪ್ 0.4 ಮಿ.ಮೀ. ಇಟ್ಟೆ. ಈಗ ಎಷ್ಟು ಕಾದರೂ ಕಿಡಿ ನೀಲಿಯಾಗೇ ಇದೆ.

ಫ್ಲೈವೀಲ್ ತೆಗೆದಾಗ ಆ ಕಡೆಯ ಆಯಿಲ್ ಸೀಲ್ (ರಬ್ಬರ್ ಬಳೆ) ಕೂಡ ನೋಡಿಬಿಡಿ. ಅದು ಹೊರಗಿನ ಗಾಳಿ ಎಳೆದರೆ ಪೆಟ್ರೋಲ್ ಮಿಶ್ರಣ ತೆಳುವಾಗಿ, ಇಂಜಿನ್ ಅತಿಯಾಗಿ ಕಾದು ಪಿಸ್ಟನ್ ಜಾಮ್ ಆಗಬಹುದು.