ಬ್ರಾಯ್ಲರ್ ಫೀಡ್‌ಗೆ ಅರಿಶಿನ, ಬೆಳ್ಳುಳ್ಳಿ ಹಾಕೋದಾದ್ರೆ ತೂಕ ಮಾಡಿ ಹಾಕಿ

ಬೆಳ್ಳುಳ್ಳಿ ಒಳ್ಳೇದು, ಅರಿಶಿನ ಒಳ್ಳೇದು ಅಂತ ಎಲ್ಲರೂ ಹೇಳ್ತಾರೆ, ಎಷ್ಟು ಹಾಕ್ಬೇಕು ಅಂತ ಕೇಳಿದ್ರೆ ಮಾತ್ರ "ಒಂದು ಹಿಡಿ" ಅಂತಾರೆ. ಆ ಹಿಡಿ ಲೆಕ್ಕದಲ್ಲೇ ಎಡವಟ್ಟಾಗೋದು, ಯಾಕಂದ್ರೆ ವಾಸನೆ ಜಾಸ್ತಿಯಾದ್ರೆ ಕೋಳಿ ಮೇವೇ ಕಮ್ಮಿ ತಿನ್ನುತ್ತೆ, ಆಮೇಲೆ ತೂಕ ಎಲ್ಲಿಂದ ಬರ್ಬೇಕು?

100 ಕೆಜಿ ಫೀಡ್‌ಗೆ ಅರಿಶಿನ ಪುಡಿ 500 ಗ್ರಾಂ, ಒಣ ಬೆಳ್ಳುಳ್ಳಿ ಪುಡಿ 500 ಗ್ರಾಂ, ಶುರುವಿಗೆ ಇಷ್ಟು ಸಾಕು. ಅರಿಶಿನದಲ್ಲಿರೋ ಕರ್ಕ್ಯುಮಿನ್ ಮೈಗೆ ಸರಿಯಾಗಿ ಹತ್ತಲ್ಲ, ಕಾಳುಮೆಣಸಿನ ಪೈಪರಿನ್ ಜೊತೆಗಿದ್ರೆ ಹೀರಿಕೊಳ್ಳೋದು ಜಾಸ್ತಿ, ಅದಕ್ಕೇ ಸ್ವಲ್ಪ ಕಾಳುಮೆಣಸಿನ ಪುಡಿನೂ ಸೇರಿಸ್ತಾರೆ. ಓಮದಲ್ಲಿ ಥೈಮಾಲ್ ಇರುತ್ತೆ, ಕೆಟ್ಟ ಬ್ಯಾಕ್ಟೀರಿಯಾನ ಹತ್ತಿಕ್ಕೋ ಗುಣ ಅದಕ್ಕಿದೆ. ಆದ್ರೆ ಎಲ್ಲಾನೂ ಒಂದೇ ಸಲ ಹಾಕ್ಬೇಡಿ, ಯಾವುದು ಕೆಲಸ ಮಾಡ್ತು ಅಂತ ಗೊತ್ತಾಗಲ್ಲ.

ಈಗ ಮಿಕ್ಸಿಂಗ್. ಪುಡಿನ ನೇರ ರಾಶಿ ಮೇಲೆ ಸುರಿದು ಸಲಿಕೆಲಿ ತಿರುವಿದ್ರೆ ಒಂದು ಕಡೆ ಗಂಟು, ಇನ್ನೊಂದು ಕಡೆ ಏನೂ ಇಲ್ಲ. ಮೊದ್ಲು 2 ಕೆಜಿ ಫೀಡ್‌ಗೆ ಕಲಸಿ, ಅದನ್ನ 10 ಕೆಜಿಗೆ, ಆಮೇಲೆ ಉಳಿದಿದ್ದಕ್ಕೆ. ಬೇಜಾರಿನ ಕೆಲಸ ನಿಜ, ಆದ್ರೆ ಇದನ್ನ ಬಿಟ್ರೆ ಮಿಕ್ಕಿದ್ದೆಲ್ಲ ದಂಡ. ಓಮದ ಎಣ್ಣೆ ತರದ್ದು ಬೇಗ ಹಾರಿಹೋಗುತ್ತೆ, ನೀರಲ್ಲೂ ಬೆರೆಯಲ್ಲ, ಹಾಗಾಗಿ ಕೋಳಿ ನೀರು ಕುಡಿಯೋ ಡ್ರಿಂಕರ್‌ಗೆ ಹನಿ ಬಿಡೋದು ಬೇಡ. ಬೂಸ್ಟು ಹಿಡಿದ ಪುಡಿ ಅಂತೂ ಹತ್ರಕ್ಕೂ ತರ್ಬೇಡಿ, ಅದ್ರಲ್ಲಿ ಅಫ್ಲಾಟಾಕ್ಸಿನ್ ಅನ್ನೋ ಬೂಸ್ಟಿನ ವಿಷ ಇದ್ರೆ ಮೊದ್ಲು ಹೋಗೋದೇ ಕೋಳಿ ಲಿವರ್. ಅರಿಶಿನದ ಪುಡಿಗೆ ಬಣ್ಣಕ್ಕೆ ಅಂತ ಸೀಸದ ಕ್ರೋಮೇಟ್ ಅನ್ನೋ ವಿಷ ಬೆರೆಸೋದೂ ಉಂಟು, ಕೊಂಬು ತಂದು ಪುಡಿ ಮಾಡಿಸೋದು ವಾಸಿ.

ಫಲ ಸಿಕ್ತಾ ಅಂತ ನೋಡೋಕೆ ಶೆಡ್‌ಗೆ ಜಾಲರಿ ಹಾಕಿ ಎರಡು ಭಾಗ ಮಾಡಿ, ಒಂದೇ ಬ್ಯಾಚ್ ಮರಿ ಎರಡೂ ಕಡೆ ಒಂದೇ ಲೆಕ್ಕದಲ್ಲಿ ಬಿಡಿ, ಒಂದು ಕಡೆ ಮಾಮೂಲಿ ಫೀಡ್. ವಾರಕ್ಕೊಂದ್ಸಲ ತೂಕ, ತಿಂದ ಫೀಡ್ ಎರಡೂ ಬರ್ಕೊಳ್ಳಿ. 2 ಕೆಜಿ ತೂಕ ಬರೋಕೆ 3.2 ಕೆಜಿ ತಿಂದಿದ್ರೆ ಎಫ್‌ಸಿಆರ್ (ಅಂದ್ರೆ ಒಂದು ಕೆಜಿ ತೂಕಕ್ಕೆ ಎಷ್ಟು ಕೆಜಿ ಫೀಡ್ ಅನ್ನೋ ಲೆಕ್ಕ) 1.6. ಈ ನಂಬರ್ ಎರಡೂ ಕಡೆ ಒಂದೇ ಇದ್ರೆ ಪುಡಿ ದುಡ್ಡು ಉಳಿಸಿ.

ಲಸಿಕೆ ಮಾತ್ರ ತಪ್ಪಿಸ್ಬೇಡಿ. ಲಿಟ್ಟರ್ (ಶೆಡ್ ನೆಲಕ್ಕೆ ಹಾಸೋ ಹೊಟ್ಟು) ಒದ್ದೆಯಾಗಿ, ಅಮೋನಿಯಾ ವಾಸನೆಗೆ ಕಣ್ಣುರಿತಾ ಇದ್ರೆ ಮೊದ್ಲು ಅದನ್ನ ಸರಿ ಮಾಡಿ. ಹಿಕ್ಕೆಲಿ ರಕ್ತ ಕಂಡ್ರೆ ಅರಿಶಿನದ ಡಬ್ಬಿ ತೆಗೀಬೇಡಿ, ಪಶುವೈದ್ಯರಿಗೆ ಫೋನ್ ಮಾಡಿ.