ಮಳೆ ಸುರಿಯುವ ತೋಟದಲ್ಲಿ ಕೋನ್‌ಫ್ಲವರ್: ನನ್ನ ಅನುಭವ

ಮಳೆ ಹೆಚ್ಚಿರುವ ಕಡೆ ಕೋನ್‌ಫ್ಲವರ್ (ಎಕಿನೇಶಿಯ) ಒಂದು ವರ್ಷದ ಹೂವಷ್ಟೇ ಎಂದು ನನಗೆ ಹೇಳಿದವರು ಹೂಗಿಡಗಳಲ್ಲಿ ಕೈ ಪಳಗಿದವರೇ ಆಗಿದ್ದರು. ಈಗ ನನ್ನ ಏರುಮಡಿಯಲ್ಲಿ ಅದೇ ಗಿಡಗಳು ಐದಾರು ವರ್ಷಗಳಿಂದ ಬೇಸಿಗೆ ಬಂದಾಗಲೆಲ್ಲ ಸೊಂಟದೆತ್ತರ ಬೆಳೆದು ಹೂ ಬಿಡುತ್ತಿವೆ. ಅಂದು ತಲೆಯಾಡಿಸಿದವರಲ್ಲಿ ಕೆಲವರು ಬೀಜ ಕೇಳಿ ಒಯ್ದಿದ್ದಾರೆ.

ಮೊದಮೊದಲು ಹಣವೆಲ್ಲ ಕರಗಿದ್ದು ಒತ್ತುದಳದ, ಕಿತ್ತಳೆ ಬಣ್ಣದ ಹೊಸ ಹೈಬ್ರಿಡ್‌ಗಳಿಗೆ. ಹೂ ಬಿಟ್ಟ ಸ್ಥಿತಿಯಲ್ಲೇ ಕುಂಡದಲ್ಲಿ ಸಿಗುವ ಅಂಥ ಒಂದು ಗಿಡದ ಬೆಲೆಗೆ ಬೀಜದ ಹಲವು ಪೊಟ್ಟಣಗಳು ಬರುತ್ತವೆ. ಚಳಿಗಾಲದ ಮಳೆಗೆ ಅವುಗಳಲ್ಲಿ ಹತ್ತಕ್ಕೆ ಎಂಟರಷ್ಟು ಸತ್ತವು. ಕಿತ್ತು ನೋಡಿದರೆ ಕೆಳಗಿನ ಬೇರುಗಳು ಗಟ್ಟಿಯಾಗಿಯೇ ಇದ್ದವು. ಕೊಳೆತದ್ದು ಮಣ್ಣಿನ ಮಟ್ಟದಲ್ಲಿದ್ದ ಬೆರಳಗಲದ ಬುಡ ಮಾತ್ರ, ಹೆಬ್ಬೆರಳಿನಿಂದ ಒತ್ತಿದರೆ ಅಲ್ಲಿಂದ ಕಂದು ನೀರು ಜಿನುಗುತ್ತಿತ್ತು. ಬೆಳೆಯುವ ಕಾಲದ ಮಳೆಯನ್ನು ಈ ಗಿಡ ತಾಳಿಕೊಳ್ಳುತ್ತದೆ. ಮಲಗಿರುವ ಕಾಲದಲ್ಲಿ ಬುಡಕ್ಕೆ ಅಂಟಿ ನಿಲ್ಲುವ ತಣ್ಣನೆಯ ತೇವವನ್ನು ತಾಳುವುದಿಲ್ಲ.

ಆಮೇಲೆ ಹೈಬ್ರಿಡ್‌ಗಳನ್ನು ಬಿಟ್ಟು ನಾರುಬೇರಿನ ಪರ್‌ಪ್ಯೂರಿಯ ಜಾತಿಯನ್ನು, ಅದರಲ್ಲೂ 1998ರಲ್ಲಿ ಅಮೆರಿಕದ ಪೆರೆನಿಯಲ್ ಪ್ಲಾಂಟ್ ಅಸೋಸಿಯೇಷನ್ ವರ್ಷದ ಗಿಡವೆಂದು ಆರಿಸಿದ ‘ಮ್ಯಾಗ್ನಸ್’ ತಳಿಯನ್ನು, ಬೀಜದಿಂದಲೇ ಎಬ್ಬಿಸಿದೆ. ತಾಯಿಬೇರಿನ ಪ್ಯಾಲಿಡ ಜಾತಿಯ ಬೀಜವನ್ನು ಒದ್ದೆ ಮರಳಿನಲ್ಲಿ ಬೆರೆಸಿ ಎರಡು ಮೂರು ತಿಂಗಳು ಫ್ರಿಜ್ಜಿನಲ್ಲಿಟ್ಟು ಮೊಳೆಯಿಸಿದ್ದೂ ಉಂಟು. ಸಸಿಗಳು ಚೆನ್ನಾಗಿಯೇ ಬಂದವು, ಆದರೆ ಜೇಡಿಮಣ್ಣಿನ ತೇವದಲ್ಲಿ ಅವು ಬಾಳಲಿಲ್ಲ.

ಸಮನೆಲದಲ್ಲಿ ಗುಂಡಿ ತೋಡಿ ಜಲ್ಲಿ ತುಂಬಿ ನೆಡುವ ಸಲಹೆಯನ್ನು ಯಾರು ಕೊಟ್ಟರೂ ಕೇಳಬೇಡಿ, ಏಕೆಂದರೆ ಜೇಡಿಮಣ್ಣಿನಲ್ಲಿ ಆ ಗುಂಡಿಯೇ ಸುತ್ತಲಿನ ನೀರನ್ನೆಲ್ಲ ಎಳೆದುಕೊಂಡು ಬಾವಿಯಾಗುತ್ತದೆ. ನಾನು ಮಡಿಯನ್ನೇ ಸುಮಾರು 10 ಅಂಗುಲ ಎತ್ತರಿಸಿ, ಮಣ್ಣಿಗೆ ಮೂರರಲ್ಲೊಂದು ಪಾಲು ಸಣ್ಣ ಜಲ್ಲಿಯನ್ನು ಬೆರೆಸಿದೆ. ಜಲ್ಲಿಯೂ ಅದರ ಸಾಗಣೆಯೂ ಸೇರಿ ಗಿಡಗಳಿಗಿಂತ ದುಬಾರಿಯಾದರೂ ಆ ಖರ್ಚು ಒಂದೇ ಸಲದ್ದು. ಜಲ್ಲಿಯೊಡನೆ ಇನ್ನೊಂದು ವಸ್ತುವನ್ನೂ ಸೇರಿಸುತ್ತೇನೆ. ಅದೇನೆಂಬ ಗುಟ್ಟನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಬುಡವನ್ನು ಮಡಿಯ ಮಟ್ಟಕ್ಕಿಂತ ಅರ್ಧ ಅಂಗುಲ ಮೇಲಿಟ್ಟು ನೆಟ್ಟು, ಸುತ್ತ ಜಲ್ಲಿಯನ್ನೇ ಹರಡಬೇಕು. ಎಲೆಗೊಬ್ಬರದ ಹೊದಿಕೆ ಬುಡವನ್ನು ಮುಟ್ಟಕೂಡದು. ಗೊಬ್ಬರವನ್ನು ನಾನು ಹಾಕುವುದೇ ಇಲ್ಲ, ಏಕೆಂದರೆ ಕೊಬ್ಬಿದ ಗಿಡ ಮೊದಲ ಜೋರು ಮಳೆಗೇ ಮಲಗುತ್ತದೆ. ನೆಡುವುದು ವಸಂತದಲ್ಲೇ, ಮತ್ತು ಮೊದಲ ವರ್ಷದ ಮೊಗ್ಗುಗಳನ್ನು ಮನಸ್ಸು ಗಟ್ಟಿಮಾಡಿಕೊಂಡು ಚಿವುಟಲೇಬೇಕು.

ಒಂದು ಚಳಿಗಾಲ ಕೆಲವು ಗಿಡಗಳ ಮೇಲೆ ಓರೆಯಾಗಿ ಗಾಜಿನ ಹಲಗೆ ಕಟ್ಟಿ ನೋಡಿದೆ. ಏರುಮಡಿಯಲ್ಲಿ ಗಾಜಿನಡಿಯ ಗಿಡಗಳೂ ಉಳಿದವು, ಬಯಲಿನವೂ ಉಳಿದವು. ಗಾಜಿನ ದುಡ್ಡು ದಂಡವಾಯಿತು.

ಚಳಿಗಾಲ ದಾಟಿದ ಗಿಡ ವಸಂತದಲ್ಲಿ ಕಾಣದಿದ್ದರೆ ಕೂಡಲೇ ಮಳೆಯನ್ನು ಬೈಯಬೇಡಿ. ಬಸವನಹುಳುಗಳು ರಾತ್ರೋರಾತ್ರಿ ಎಳೆ ಚಿಗುರನ್ನು ನೆಲಸಮ ಮಾಡಿರುತ್ತವೆ, ಆದ್ದರಿಂದ ಚಿಗುರುವ ಹೊತ್ತಿನ ಮೂರು ನಾಲ್ಕು ವಾರ ಟಾರ್ಚ್ ಹಿಡಿದು ಅವನ್ನು ಆಯುವುದು ಅನಿವಾರ್ಯ. ಹೂವಿನ ನಡುವಿನ ಉಬ್ಬಿನಿಂದ ಹಸಿರು ಎಲೆಗಳು ಗುಂಪಾಗಿ ಹೊರಟರೆ ಅದು ಜಿಗಿಹುಳುಗಳು ಹರಡುವ ಆಸ್ಟರ್ ಯೆಲ್ಲೋಸ್ ರೋಗ; ಅದಕ್ಕೆ ಮದ್ದಿಲ್ಲ, ಗಿಡವನ್ನು ಬೇರುಸಹಿತ ಕಿತ್ತು ತೋಟದಿಂದ ಆಚೆ ಹಾಕಬೇಕು.